ಸಾಕ್ಷಿಯಿಲ್ಲದ ಗೋಲು

ಮಾತ್ರೆ ಶುರುಮಾಡಿದ ಎರಡನೆಯ ದಿನ ನನ್ನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಇಂಥ ವಾಕ್ಯವನ್ನು ನಾಲ್ಕು ಜನ ಓದುವ ಕಡೆ ಬರೆಯುವ ಸ್ವಭಾವ ನನ್ನದಲ್ಲ. ಒಳ ಉಡುಪನ್ನು ಟವೆಲಿನ ಕೆಳಗೆ ಮುಚ್ಚಿ ಒಣಹಾಕುವವಳು ನಾನು. ಆದರೆ ನನಗೆ ತಿಳಿದದ್ದೆಲ್ಲ ಆ ಬಣ್ಣದಿಂದಲೇ ತಿಳಿಯಿತು. ಅದನ್ನು ಬಿಟ್ಟು ಹೇಳಲು ಬರುವುದಿಲ್ಲ.

ಆಸ್ಪತ್ರೆಯಲ್ಲಿ ಮೊದಲೇ ಎಚ್ಚರಿಸಿದ್ದರು. ಕ್ಷಯ ವಿಭಾಗದ ಆರೋಗ್ಯ ಕಾರ್ಯಕರ್ತೆ ರೇಣುಕಾ ಮಾತ್ರೆಗಳನ್ನು ಕೈಗಿಡುತ್ತಾ, "ನೋಡಿ ಮೇಡಂ, ಕಿತ್ಲೆ ಬಣ್ಣ ಹೋಗುತ್ತೆ. ರಕ್ತ ಅಂದ್ಕೊಂಡು ಹೆದ್ರಿ ನಿಲ್ಲಿಸ್ಬುಟ್ಟೀರ. ಅದು ಮಾತ್ರೆ ಬಣ್ಣ ಕಣ್ರೀ, ಅಷ್ಟೇ" ಎಂದಿದ್ದರು. ಹಾಗಾಗಿ ನಾನು ಹೆದರಲಿಲ್ಲ. ಬಿಳಿ ಪಿಂಗಾಣಿಯನ್ನು ನೋಡುತ್ತಾ ನಿಂತುಬಿಟ್ಟದ್ದು ಬೇರೆ ಕಾರಣಕ್ಕೆ. ಆ ಬಣ್ಣವನ್ನು ನಾನು ಮೊದಲೇ ನೋಡಿದ್ದೆ. ಅದೇ ಪಿಂಗಾಣಿಯ ಮೇಲೆ, ಹಿಂದಿನ ಕಾರ್ತಿಕ ಮಾಸದಲ್ಲಿ, ದಿನವೂ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಜಾಸ್ತಿಯಾಗಿದೆ ಎಂದುಕೊಂಡು ಆಸಿಡ್ ಸುರಿದು ತಿಕ್ಕಿದ್ದೆ.

ಮೊದಲಿನಿಂದ ಹೇಳುತ್ತೇನೆ.

ಮೈಸೂರಿನ ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ಇದ್ದವರು ಮೂವರು: ಅಮ್ಮ, ಚಿಕ್ಕಪ್ಪ, ನಾನು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಪ್ಪನ ತಮ್ಮ ಷಡಕ್ಷರಿ ಚಿಕ್ಕಪ್ಪ ಮದುವೆಯಾಗದೆ ನಮ್ಮ ಜೊತೆಯೇ ಉಳಿದರು. ಮಾರ್ಕೆಟ್ಟಿನ ಹತ್ತಿರ ಅವರದು ವಿಭೂತಿ, ಕರ್ಪೂರ, ಊದುಬತ್ತಿಯ ಅಂಗಡಿ. ನಾನು ಗ್ರಂಥಾಲಯ ವಿಜ್ಞಾನ ಓದಿದ ಎರಡು ವರ್ಷವೂ ನನ್ನನ್ನು ಸ್ಕೂಟರಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಬಿಟ್ಟು ಆಮೇಲೆಯೇ ಅಂಗಡಿ ತೆರೆಯುತ್ತಿದ್ದರು. ಈಗ ನಾನು ಜಯಲಕ್ಷ್ಮಿಪುರಂನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕ ಯಾವುದು, ಯಾರದು, ಯಾವ ವರ್ಷದ್ದು ಎಂದು ನೋಡಿ, ಖಾತ್ರಿಯಾದದ್ದನ್ನು ಮಾತ್ರ ಬರೆದಿಡುವುದು ನನ್ನ ಕೆಲಸ.

ಮಹಡಿಯ ಒಂಟಿ ಕೋಣೆಯಲ್ಲಿ ಕ್ವಾಮೆ ಬಾಡಿಗೆಗಿದ್ದ. ಘಾನಾ ದೇಶದ ಕುಮಾಸಿ ಊರಿನವನು. ಫುಟ್‌ಬಾಲ್ ಆಟಗಾರ, ಅದರಲ್ಲೂ ಸ್ಟ್ರೈಕರ್. ಗೋಲು ಹೊಡೆಯುವುದೇ ಅವನ ಕಸುಬು. ಬೆಂಗಳೂರಿನ ಕ್ಲಬ್ಬಿನ ಜೊತೆಗಿನ ಕರಾರು ಮುಗಿದಿತ್ತು. ಮುಂದಿನ ಕರಾರಿಗೆ ಕಾಯುತ್ತಾ ನಮ್ಮ ಬಡಾವಣೆಯ ಪಕ್ಕದ ಅಕಾಡೆಮಿಯಲ್ಲಿ ಮಕ್ಕಳಿಗೆ ತರಬೇತಿ ಕೊಡುತ್ತಿದ್ದ. ಶನಿವಾರ ಹುಟ್ಟಿದ ಗಂಡುಮಕ್ಕಳಿಗೆ ಅವರಲ್ಲಿ ಕ್ವಾಮೆ ಎಂದು ಹೆಸರಿಡುತ್ತಾರಂತೆ. ಅದನ್ನು ಕೇಳಿ ಅಮ್ಮ, "ಶಿವನೇ, ಹೋಗಿ ಹೋಗಿ ಶನಿವಾರದ ಹೆಸರು ಇಟ್ಬುಟ್ಟಿದಾರಲ್ಲೇ!" ಎಂದು ನಕ್ಕಿದ್ದಳು. ಆಮೇಲೆ ಅವಳಿಗೆ ಅವನು ಕ್ವಾಮಪ್ಪನಾದ. ಅವನಿಗೆ ಬರುತ್ತಿದ್ದ ಪೂರ್ತಿ ಕನ್ನಡ ವಾಕ್ಯ ಒಂದೇ: "ಅಮ್ಮಾ, ಊಟ ಆಯ್ತಾ?" ಬೆಳಿಗ್ಗೆ ಆರಕ್ಕೆ ಓಡಲು ಹೊರಟಾಗಲೂ ಅದನ್ನೇ ಕೇಳುತ್ತಿದ್ದ. ಅಮ್ಮ ಕಸಬರಿಕೆ ಹಿಡಿದೇ, "ಆಯ್ತಪ್ಪಾ, ನಿಂದು?" ಎನ್ನುತ್ತಿದ್ದಳು. ಟೀವಿಯಲ್ಲಿ ಮ್ಯಾಚ್ ಇದ್ದರೆ ಚಿಕ್ಕಪ್ಪ ಅವನನ್ನು ಕೆಳಗೆ ಕರೆಸಿ ಚುರುಮುರಿ ಕೊಡಿಸುತ್ತಿದ್ದರು.

ಹೊಸ ಕ್ಲಬ್ಬುಗಳಿಗೆ ಕಳಿಸಲು ಅವನಿಗೆ ತನ್ನ ಆಟದ ಪೂರ್ತಿ ವಿವರ ಬೇಕಾಗಿತ್ತು. ಎಲ್ಲಿ ಆಡಿದ, ಯಾವ ಸೀಸನ್, ಎಷ್ಟು ಪಂದ್ಯ, ಎಷ್ಟು ಗೋಲು. ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. ಭಾನುವಾರಗಳಂದು ಮಹಡಿಯ ಮೆಟ್ಟಿಲ ಮೇಲೆ ಕೂತು, ಅವನು ಹೇಳಿದಂತೆ ಬರೆದುಕೊಂಡೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಅವನ ತಾಯಿ ಬಸ್ ನಿಲ್ದಾಣದಲ್ಲಿ ಬಾಳೆಕಾಯಿ ಕರಿದು ಮಾರುತ್ತಿದ್ದರು. ಮೊದಲ ಬೂಟು ಅಣ್ಣನದು. ಎರಡು ಸೈಜು ದೊಡ್ಡದಾಗಿದ್ದ ಅದರ ತುದಿಗೆ ಕಾಗದ ತುರುಕಿ ಆಡಿದ್ದನಂತೆ. ಹತ್ತೊಂಬತ್ತಕ್ಕೆ ಒಬ್ಬ ಏಜೆಂಟ್ ಸಿಕ್ಕಿದ. ಯುರೋಪಿನ ಕ್ಲಬ್ಬು ಎಂದ. ಅಲ್ಲಿ ಚಳಿ ಜಾಸ್ತಿ ಎಂದು ತಾಯಿ ದಪ್ಪನೆಯ ಕಂದು ಕೋಟು ಕೊಡಿಸಿದರು. ವಿಮಾನ ಇಳಿದದ್ದು ಕೋಲ್ಕತ್ತಾದಲ್ಲಿ, ಮೇ ತಿಂಗಳಲ್ಲಿ. ಏಜೆಂಟ್ ಆಮೇಲೆ ಫೋನ್ ಎತ್ತಲಿಲ್ಲ. ಕೋಟು ಕೈಮೇಲೆ ಹಾಕಿಕೊಂಡೇ ಕ್ಲಬ್ಬುಗಳ ಬಾಗಿಲು ತಟ್ಟಿದ. ಅಲ್ಲಿ ಮೂರು ವರ್ಷ, ಗೋವಾದಲ್ಲಿ ಎರಡು, ಆಮೇಲೆ ಕೇರಳದ ಮಲಪ್ಪುರಂ ಕಡೆ, ಏಳೇ ಜನರ ತಂಡಗಳು ಕೊಯ್ಲಾದ ಗದ್ದೆಗಳಲ್ಲಿ ಆಡುವ ಪಂದ್ಯಗಳು, ಕೊನೆಗೆ ಬೆಂಗಳೂರು. ಮೊಣಕಾಲಿಗೆ ಒಂದು ಆಪರೇಷನ್ ಆಗಿತ್ತು. ಒಂದು ದಿನವೂ ತೊಡದ ಆ ಕೋಟು ನಮ್ಮ ಮಹಡಿಯ ಕೋಣೆಯ ಬಾಗಿಲ ಹಿಂದೆ ನೇತಾಡುತ್ತಿತ್ತು.

"ಸ್ಟ್ರೈಕರ್ ಕೆಲಸ ಓಡೋದು ಅಂದ್ಕೊಂಡಿದೀಯ? ಕಾಯೋದು" ಎಂದು ಒಮ್ಮೆ ಹೇಳಿದ. "ತೊಂಬತ್ತು ನಿಮಿಷ ಕಾದು ಎರಡು ಸಲ ಓಡ್ತೀನಿ. ಆ ಎರಡು ಸಲ ತಪ್ಪಿದರೆ, ಕಾದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ."

ಅವನ ಪ್ರಕಾರ ಒಟ್ಟು ನೂರು ಗೋಲು. ಒಂದೊಂದಕ್ಕೂ ನಾನು ಸಾಕ್ಷಿ ಕೇಳಿದೆ: ಪತ್ರಿಕೆಯ ತುಣುಕು, ರೆಫರಿಯ ಹಾಳೆ, ವೀಡಿಯೊ, ಏನಾದರೊಂದು. ಹುಡುಕಿ ಹುಡುಕಿ ತಂದುಕೊಟ್ಟ. ಒಂದು ಮಾತ್ರ ಉಳಿಯಿತು, ಎಲ್ಲಕ್ಕಿಂತ ಮೊದಲಿನದು. ಕುಮಾಸಿಯ ಶಾಲಾ ಪಂದ್ಯದ ಫೈನಲ್. ಇವನು ಗೋಲು ಹೊಡೆದ ಕೂಡಲೇ ಜನ ಮೈದಾನಕ್ಕೆ ನುಗ್ಗಿ ಪಂದ್ಯವೇ ನಿಂತುಹೋಯಿತು.

"ಯಾರು ನೋಡಿದ್ದಾರೆ?" ಎಂದೆ.

"ಎಲ್ಲರೂ ನೋಡಿದ್ದಾರೆ. ಬರೆದವರು ಇಲ್ಲ."

ಸ್ಕೇಲ್ ಇಟ್ಟು ಆ ಸಾಲನ್ನು ಹೊಡೆದು ಹಾಕಿ ತೊಂಬತ್ತೊಂಬತ್ತು ಎಂದು ಬರೆದೆ. ಅವನು ಆ ಗೆರೆಯ ಮೇಲೆ ಬೆರಳಾಡಿಸಿದ. "ನಾನು ಎದುರಿಸಿದ ಗೋಲ್‌ಕೀಪರ್‌ಗಳಲ್ಲಿ ನೀನೇ ಕಠಿಣ" ಎಂದು ನಕ್ಕ. ಆ ನಗು ಪೂರ್ತಿ ತಮಾಷೆಯದಲ್ಲ ಎಂದು ನನಗೂ ಗೊತ್ತಾಯಿತು. ಗೆರೆಯನ್ನು ಮಾತ್ರ ಅಳಿಸಲಿಲ್ಲ.

ಆ ಬೇಸಿಗೆಯಲ್ಲಿ ನನಗೆ ಕೆಮ್ಮು ಶುರುವಾಯಿತು. ಸಂಜೆಯಾದರೆ ಸಣ್ಣ ಜ್ವರ, ಬೆಳಗಿನ ಜಾವ ಬೆವರು. ಚೂಡಿದಾರ ಸೊಂಟದಲ್ಲಿ ಸಡಿಲವಾಗತೊಡಗಿತು. "ಲೈಬ್ರರಿ ಧೂಳು ಕಣೆ" ಎಂದಳು ಅಮ್ಮ. "ಮೆಣಸಿನ ಕಷಾಯ ಕುಡಿ ಪುಟ್ಟಿ, ಹೋಯ್ತದೆ" ಎಂದರು ಚಿಕ್ಕಪ್ಪ. ಅವರಿಗೂ ಕೆಮ್ಮಿತ್ತು. ಅಂಗಡಿಯ ಕರ್ಪೂರದ ಅಲರ್ಜಿ ಎನ್ನುತ್ತಿದ್ದರು.

ಕ್ವಾಮೆ ಮೆಟ್ಟಿಲ ಮೇಲೆ ಬೆರಳು ಮಡಚಿ ಎಣಿಸಿದ. "ಮೂರು ವಾರ ಆಯ್ತು. ನಮ್ಮೂರ ರೇಡಿಯೋದಲ್ಲಿ ದಿನಾ ಹೇಳ್ತಿದ್ದರು, ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದರೆ ಪರೀಕ್ಷೆ ಮಾಡಿಸು ಅಂತ. ನಾಳೆ ಹೋಗೋಣ." ನಾನು ಒಬ್ಬಳೇ ಹೋಗುವವಳಿದ್ದೆ. ಬಸ್ ಸ್ಟಾಪಿಗೆ ಬಂದು ನೋಡಿದರೆ ನನಗಿಂತ ಮೊದಲೇ ಬಂದು ನಿಂತಿದ್ದ. ನಮ್ಮ ಬೀದಿಯವರು ನಾಲ್ಕು ಜನ ಅಲ್ಲೇ ಇದ್ದರು. ಎಲ್ಲರೂ ನೋಡಿದರು.

ಕ್ಷಯ ವಿಭಾಗದವರು ಕಾಯುವುದು ಕಟ್ಟಡದ ಹೊರಗೆ, ತಗಡಿನ ಚಾವಣಿಯ ಕೆಳಗಿನ ಬೆಂಚುಗಳಲ್ಲಿ. ಗಾಳಿಯಾಡಲಿ ಎಂದು. ಸೆರಗು, ಟವೆಲು, ಮಾಸ್ಕು, ಎಲ್ಲರ ಮುಖದ ಮೇಲೂ ಒಂದೊಂದು. ಕಫ ಹಿಡಿಯುವ ಪುಟ್ಟ ಡಬ್ಬಿ ಕೊಟ್ಟು ಹಿಂದಿನ ಬಯಲಿಗೆ ಹೋಗಲು ಹೇಳಿದರು. ಅಲ್ಲಿ ಹೋಗಿ ಸುಮ್ಮನೆ ನಿಂತೆ. ಇನ್ನೊಬ್ಬರ ಎದುರು ಜೋರಾಗಿ ಕೆಮ್ಮಿ ಉಗುಳುವುದು ನನ್ನಿಂದ ಆಗಲಿಲ್ಲ. ನಜರ್‌ಬಾದಿನ ಹೂ ಮಾರುವ ಅಜ್ಜಿಯೊಬ್ಬರು ತಮ್ಮ ಡಬ್ಬಿಗೆ ಮುಚ್ಚಳ ಹಾಕುತ್ತಾ, "ಕೆಮ್ಮು ತಾಯಿ, ಚೆನ್ನಾಗಿ ಕೆಮ್ಮು. ಇಡೀ ಮೈಸೂರಲ್ಲಿ ಕೆಮ್ಮುದ್ರೆ ಯಾರೂ ತಿರುಗಿ ನೋಡ್ದೇ ಇರೋ ಜಾಗ ಇದೊಂದೇ" ಎಂದರು. ನನಗೆ ನಗು ಬಂತು. ನಗುವಿನ ಹಿಂದೆಯೇ ಕೆಮ್ಮು ಬಂತು. ಆ ಅಜ್ಜಿಯನ್ನು ನಾನು ಮರೆತಿಲ್ಲ.

ಬೆಂಚಿನಲ್ಲಿ ಕ್ವಾಮೆ ನನಗಾಗಿ ಎರಡು ಗಂಟೆ ಕಾದ. ಅವನ ಪಕ್ಕದಿಂದ ಇಬ್ಬರು ಎದ್ದು ದೂರ ಹೋಗಿ ಕೂತರು. ಅಲ್ಲಿ ಕೂತವರಲ್ಲಿ ಕಾಯಿಲೆ ಇಲ್ಲದವನು ಬಹುಶಃ ಅವನೊಬ್ಬನೇ. "ಅಭ್ಯಾಸ ಇದೆ" ಎಂದ. "ಗೋಲು ಹೊಡೆದಾಗ ಹತ್ತಿರ ಬರ್ತಾರೆ. ಮನೆ ಬಾಡಿಗೆ ಕೇಳಿದಾಗ ದೂರ ಹೋಗ್ತಾರೆ. ನಿಮ್ಮ ಮನೆಯವರು ಹಾಗೆ ಮಾಡಲಿಲ್ಲ."

ಮರುದಿನ ಫಲಿತಾಂಶ ಬಂತು. ಶ್ವಾಸಕೋಶದ ಕ್ಷಯ. ಆರು ತಿಂಗಳ ಮಾತ್ರೆ. ಮೊದಲ ಎರಡು ವಾರ ಕಿಟಕಿ ತೆರೆದ ಕೋಣೆಯಲ್ಲಿ ಪ್ರತ್ಯೇಕವಾಗಿ ಇರಬೇಕು.

ಹೀಗೆ ಎರಡನೆಯ ದಿನದ ಆ ಬಣ್ಣಕ್ಕೆ ಬಂದೆ.

ಹಿಂದಿನ ಕಾರ್ತಿಕದಲ್ಲಿ ಚಿಕ್ಕಪ್ಪ ಒಂದು ವ್ರತ ಹಿಡಿದಿದ್ದರು. ಮಠದ ಸ್ವಾಮಿಗಳು, ಬುದ್ಧಿಯವರು, ಹೇಳಿದ್ದಾರೆ, ಒಂದು ಮಂಡಲ ಕಾಲ, ನಲವತ್ತೆಂಟು ದಿನ, ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ, ಯಾರ ಹತ್ತಿರವೂ ಕೂರುವಂತಿಲ್ಲ ಎಂದರು. ಏಕೆಂದು ಕೇಳಿದ್ದಕ್ಕೆ ಅಮ್ಮ, "ನಿನ್ನ ಮದುವೆಗೇ ಕಣೆ ಹರಕೆ" ಎಂದಿದ್ದಳು. ಆಗ ನನಗೆ ಗಂಡು ನೋಡುತ್ತಿದ್ದರು. ಮದುವೆಯಲ್ಲಿ ನನಗೆ ಅಂಥ ಆಸೆ ಇರಲಿಲ್ಲ. ಆದರೂ ಸಣಕಲಾಗುತ್ತಿದ್ದ ಚಿಕ್ಕಪ್ಪ ನನಗಾಗಿ ಒಂದು ಮೂಲೆಯಲ್ಲಿ ಒಬ್ಬರೇ ಕೂತು ಉಣ್ಣುವುದನ್ನು ನೋಡಿ, ಮದುವೆ ಬೇಡ ಎಂದು ಹೇಳುವುದನ್ನು ಮುಂದಕ್ಕೆ ಹಾಕುತ್ತಿದ್ದೆ. ನಲವತ್ತೊಂಬತ್ತನೆಯ ದಿನ ವ್ರತ ಮುಗಿಯಿತು. ಮಠಕ್ಕೆ ಹೋಗಿ ಬಂದು ನಮ್ಮ ಜೊತೆ ಪಂಕ್ತಿಯಲ್ಲಿ ಕೂತರು. ಪಿಂಗಾಣಿಯ ಮೇಲಿನ ಕಿತ್ತಳೆ ಬಣ್ಣವೂ ನಿಂತಿತು. ನನ್ನ ಆಸಿಡ್ಡು ಕೆಲಸ ಮಾಡಿತು ಎಂದುಕೊಂಡೆ.

ನನಗೆ ಆರು ತಿಂಗಳೆಂದು ಬರೆದುಕೊಟ್ಟ ಮಾತ್ರೆಯನ್ನೇ ಚಿಕ್ಕಪ್ಪ ವ್ರತದ ಹೆಸರಿನಲ್ಲಿ ನುಂಗಿ, ಒಂದು ಮಂಡಲಕ್ಕೆ ನಿಲ್ಲಿಸಿದ್ದರು. ವ್ರತಕ್ಕೆ ಒಂದು ಅವಧಿ ಇರುತ್ತದೆ. ಅದಕ್ಕಿಂತ ಹೆಚ್ಚು ದಿನ ಎಳೆದರೆ ಮನೆಗೆ ಬಂದು ಹೋಗುವವರು ಕೇಳುತ್ತಾರೆ.

ಐದನೆಯ ದಿನ ರೇಣುಕಾ ಮನೆಗೆ ಬಂದರು. ರೋಗಿಯ ಮನೆಯಲ್ಲಿರುವ ಎಲ್ಲರನ್ನೂ ವಿಚಾರಿಸುವುದು ಅವರ ಪದ್ಧತಿ. ನನ್ನ ಕೋಣೆಯ ಕಿಟಕಿ ಜಗಲಿಗೆ ತೆರೆದುಕೊಳ್ಳುತ್ತದೆ. ಮಾಸ್ಕ್ ಹಾಕಿಕೊಂಡು ಅಲ್ಲಿ ನಿಂತಿದ್ದೆ.

"ಮನೇಲಿ ಮುಂಚೆ ಯಾರಿಗಾದ್ರೂ ಈ ಕಾಯಿಲೆ ಆಗಿತ್ತಾಮ್ಮ? ಮುಚ್ಚಿಡ್ಬೇಡಿ, ಗುಣ ಆಗೋ ಕಾಯಿಲೆ ಇದು."

"ನಮ್ಮ ಮನೇಲಾ? ಎಲ್ಲಾದ್ರೂ ಉಂಟಾ!" ಎಂದಳು ಅಮ್ಮ. ಮಹಡಿಯ ಕಡೆ ಕೈತೋರಿಸಿ, "ಮೇಲ್ಗಡೆ ಒಬ್ಬ ಆಫ್ರಿಕಾದವನು ಇದಾನೆ. ಇವಳು ಅವನ ಜೊತೆ ಕೂತು ಏನೋ ಬರೀತಿದ್ಲು" ಎಂದಳು.

ಆಫ್ರಿಕಾದವನು. ಕ್ವಾಮಪ್ಪ ಎನ್ನಲಿಲ್ಲ.

ಚಿಕ್ಕಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅವರು ಕಿಟಕಿಯ ಕಡೆ ನೋಡಿದರು. ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು. ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ತೆರೆಯಲಿಲ್ಲ. ಆ ಕ್ಷಣದಲ್ಲಿ ನನಗೆ ಅವರ ಸ್ಕೂಟರಿನ ಹಿಂದಿನ ಸೀಟು ನೆನಪಾಯಿತು ಎಂದು ಬರೆದರೆ ನಿಜವೇ. ಮಠದವರು, ನೆಂಟರು, ಬೀದಿಯವರು ಏನೆನ್ನುತ್ತಾರೋ ಎಂದು ಹೆದರಿದೆ ಎನ್ನುವುದೂ ಅಷ್ಟೇ ನಿಜ.

ರೇಣುಕಾ ಎಲ್ಲರಿಗೂ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ಅಮ್ಮ ಹೋಗಿ ಬಂದಳು. ಚಿಕ್ಕಪ್ಪ ಅಂಗಡಿಯ ನೆಪ ಹೇಳಿ ಮುಂದೂಡಿದರು. ಕ್ವಾಮೆ ಅಂದೇ ಹೋದ. ಎಕ್ಸ್‌ರೇ ಶುದ್ಧ, ಕಫದಲ್ಲಿ ಏನೂ ಇಲ್ಲ. ಆ ಕಾಗದ ತಂದು ಚಿಕ್ಕಪ್ಪನಿಗೆ ತೋರಿಸಿದ. ಅವರು ಅದನ್ನು ಕೈಗೇ ತೆಗೆದುಕೊಳ್ಳಲಿಲ್ಲ. "ಜನ ಮಾತಾಡ್ತಾರಪ್ಪಾ. ಹುಡುಗಿ ಇರೋ ಮನೆ. ಬೇರೆ ಕಡೆ ನೋಡ್ಕೋ" ಎಂದದ್ದು ನನ್ನ ಕೋಣೆಗೆ ಕೇಳಿಸಿತು. ಅವನಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು.

ಮೂರನೆಯ ದಿನ ಚೀಲ ಹೆಗಲಿಗೇರಿಸಿ, ಕೋಟು ಕೈಮೇಲೆ ಹಾಕಿಕೊಂಡು ಮೆಟ್ಟಿಲಿಳಿದ. "ಅಮ್ಮಾ, ಊಟ ಆಯ್ತಾ?" ಎಂದು ಕೇಳಲಿಲ್ಲ. ನನ್ನ ಕಿಟಕಿಯ ಕಡೆ ನೋಡಿದ. ನಾನು ಪರದೆಯ ಹಿಂದೆ ಸರಿದೆ. ಅಮ್ಮ ಮಹಡಿಯ ಕೋಣೆಯನ್ನು ಎರಡು ಸಲ ಫಿನಾಯಿಲ್ ಹಾಕಿ ತೊಳೆದಳು. ಮಾತು ಬಡಾವಣೆಯಲ್ಲೆಲ್ಲ ಹಬ್ಬಿ, ಅಕಾಡೆಮಿಯಲ್ಲಿ ಕೆಲವು ಪಾಲಕರು ಮಕ್ಕಳನ್ನು ಬಿಡಿಸಿದರಂತೆ. ಅಲ್ಲಿಯವರೂ ಅವನಿಗೆ ಬರಬೇಡ ಎಂದರಂತೆ. ವಾರ ಕಳೆದ ಮೇಲೆ ಅವನಿಂದ ಒಂದು ಮೆಸೇಜು ಬಂತು: "ನನ್ನ ರಿಪೋರ್ಟ್ ಸರಿಯಿದೆ, ನಿನ್ನಿಂದ ನನಗೆ ಏನೂ ಅಂಟಿಲ್ಲ, ಚಿಂತೆ ಮಾಡಬೇಡ. ಮಾತ್ರೆ ಮಧ್ಯಕ್ಕೆ ಬಿಡಬೇಡ."

ಉತ್ತರ ಬರೆಯಲು ಮೂರು ಸಲ ಕೂತೆ. ಕಳಿಸಲಿಲ್ಲ.

ಹೊರಗಿನ ಹೆದರಿಕೆ ಒಂದು ಥರ. ಸಾಯುತ್ತೇನೆಯೇ, ಕೂದಲು ಉದುರುತ್ತದೆಯೇ, ಕೆಲಸ ಹೋಗುತ್ತದೆಯೇ ಎಂಬವು. ಅವಕ್ಕೆಲ್ಲ ಡಾಕ್ಟರ ಹತ್ತಿರ ಉತ್ತರ ಇರುತ್ತದೆ. ಮನೆಯವರು ತಟ್ಟೆಯಲ್ಲಿ ಅನ್ನ ಹಾಕಿ ಬಾಗಿಲ ಬಳಿ ಇಟ್ಟು ಹೋದಾಗ, ಈ ಅನ್ನ ಇಟ್ಟ ಕೈಗೆ ಎಲ್ಲ ಗೊತ್ತಿತ್ತು ಎಂದು ನೆನೆಯುತ್ತಾ ಉಣ್ಣುವುದಕ್ಕೆ ಡಾಕ್ಟರ ಬಳಿ ಮಾತ್ರೆಯಿಲ್ಲ.

ಒಂದೂವರೆ ತಿಂಗಳು ಹೀಗೇ ಕಳೆಯಿತು. ನನ್ನ ತೂಕ ಏರತೊಡಗಿತು. ಚಿಕ್ಕಪ್ಪನ ಕೆಮ್ಮು ಏರಿತು. ಒಂದು ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದಾಗ ದೇವರ ಮನೆಗೆ ಹೋಗಿ ಅವರ ವಿಭೂತಿಯ ಡಬ್ಬಿ ತೆಗೆದೆ. ವಿಭೂತಿ ಗಟ್ಟಿಗಳ ಕೆಳಗೆ, ಕಾಗದದಲ್ಲಿ ಸುತ್ತಿ ಇಟ್ಟದ್ದು ಸಿಕ್ಕಿತು. ಅರ್ಧ ಖಾಲಿಯಾದ ಮಾತ್ರೆಯ ಹಾಳೆ. ನನ್ನದರ ಪಕ್ಕ ಇಟ್ಟು ಹೆಸರು ಓದಿದೆ. ಕಂಪನಿ ಬೇರೆ, ಔಷಧಿ ಅದೇ. ಎರಡನ್ನೂ ಅಡುಗೆಮನೆಯ ಕಟ್ಟೆಯ ಮೇಲೆ, ಅಮ್ಮನ ಮುಂದೆ ಇಟ್ಟೆ.

ಅಮ್ಮ ಒಲೆ ಆರಿಸಿದಳು. "ನಿಂಗೋಸ್ಕರಾನೇ ಕಣೆ" ಎಂದಳು. "ಗಂಡಿನ ಕಡೆಯವ್ರು ಬರೋ ಹೊತ್ತಲ್ಲಿ ಮನೇಲಿ ಕ್ಷಯ ಅಂದ್ರೆ ಯಾರು ಬರ್ತಿದ್ರು? ಬೆಂಗ್ಳೂರಲ್ಲಿ ತೋರಿಸ್ಕೊಂಡ್ರು. ವಾಸಿಯಾಯ್ತು ಅಂದ್ರು."

"ಯಾರು ಅಂದ್ರು? ಡಾಕ್ಟರಾ?"

ಅವಳು ಬಚ್ಚಲಿನ ಕಡೆ ನೋಡಿದಳು. ಬಚ್ಚಲಿನಿಂದ ಬಂದ ಚಿಕ್ಕಪ್ಪ ತಲೆ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತರು.

"ಕ್ವಾಮೆನ ಯಾಕೆ ಕಳಿಸಿದ್ರಿ ಚಿಕ್ಕಪ್ಪ? ನಿಮಗೆ ಗೊತ್ತಿತ್ತು."

"ಅವನಿಗೇನು ಪುಟ್ಟಿ, ಆಟಗಾರ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ನಾವು ಇಲ್ಲೇ ಬದುಕ್ಬೇಕಲ್ವಾ?" ಎಂದರು. ಮಾತು ಮುಗಿಸುವ ಮೊದಲೇ ಕೆಮ್ಮು ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡರು.

ನಾನು ಅವರೆದುರೇ ರೇಣುಕಾ ಅವರಿಗೆ ಫೋನ್ ಮಾಡಿದೆ. ಚಿಕ್ಕಪ್ಪನ ಹೆಸರು, ವಯಸ್ಸು, ಯಾವಾಗ ಶುರುಮಾಡಿದರು, ಎಷ್ಟು ದಿನಕ್ಕೆ ನಿಲ್ಲಿಸಿದರು ಎಂದು ಹೇಳಿದೆ. ಅಮ್ಮ ಕಟ್ಟೆ ಹಿಡಿದು ಕೂತಳು. "ಮಗಳಾ ನೀನು?" ಎಂದು ಒಂದೇ ಸಲ ಕೇಳಿದಳು. ರೇಣುಕಾ ಸಂಜೆಯೊಳಗೆ ಬಂದು ಚಿಕ್ಕಪ್ಪನನ್ನು ತಾವೇ ಆಟೋ ಹತ್ತಿಸಿಕೊಂಡು ಹೋದರು. ಮಾತ್ರೆಗಳು ಅವರ ಮೇಲೆ ಇನ್ನೂ ಕೆಲಸ ಮಾಡುತ್ತವೆ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಇದನ್ನು ಓದುತ್ತಿರುವವರ ಮನೆಯ ಯಾವುದಾದರೂ ಡಬ್ಬಿಯಲ್ಲಿ ಅಂಥ ಹಾಳೆ ಇದ್ದರೆ, ನಮ್ಮಷ್ಟು ಅದೃಷ್ಟ ನಿಮಗೂ ಇರುತ್ತದೆ ಎಂದುಕೊಳ್ಳಬೇಡಿ. ಇವತ್ತೇ ಹೋಗಿ.

ಮಾರನೆಯ ವಾರ ಕ್ವಾಮೆಯ ಹೊಸ ಕೋಣೆ ಹುಡುಕಿಕೊಂಡು ನಜರ್‌ಬಾದಿಗೆ ಹೋದೆ. ಇಬ್ಬರು ವಿದ್ಯಾರ್ಥಿಗಳ ಜೊತೆ ಇದ್ದ. ಮಧ್ಯಾಹ್ನ, ಅವರಿಬ್ಬರೂ ಕಾಲೇಜಿಗೆ ಹೋಗಿದ್ದರು. ಬಾಗಿಲ ಹಿಂದೆ ಕೋಟು ನೇತಾಡುತ್ತಿತ್ತು. ನಾನು ಎರಡು ಕಾಗದ ಒಯ್ದಿದ್ದೆ. ಒಂದು ಅಕಾಡೆಮಿಗೆ ಬರೆದ ಪತ್ರ: ಕಾಯಿಲೆ ನಮ್ಮ ಮನೆಯೊಳಗಿನದು, ಕ್ವಾಮೆಯ ಮೇಲೆ ಅಮ್ಮ ಹೊರಿಸಿದ್ದು ಸುಳ್ಳು, ಅದು ನನಗೆ ಮೊದಲ ವಾರದಲ್ಲೇ ಗೊತ್ತಿತ್ತು. ಕೆಳಗೆ ನನ್ನ ಪೂರ್ತಿ ಹೆಸರು, ವಿಳಾಸ, ಸಹಿ. ಇನ್ನೊಂದು, ಮುಗಿಸಿದ ಅವನ ಆಟದ ವಿವರ.

ಪತ್ರವನ್ನು ಎರಡು ಸಲ ಓದಿದ.

"ಮೊದಲ ವಾರ ಅಂದರೆ?"

"ಎರಡನೆಯ ದಿನ."

"ನಾನು ಮೆಟ್ಟಿಲು ಇಳಿದಾಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅವನು ಮೊಣಕಾಲಿನ ಹಳೆಯ ಗಾಯವನ್ನು ಹೆಬ್ಬೆರಳಿನಿಂದ ಒತ್ತುತ್ತಾ ಕೂತ. "ಏಜೆಂಟ್ ನನಗೆ ಮೋಸ ಮಾಡಿದ. ಅವನು ಏಜೆಂಟ್, ಮಾಡ್ತಾನೆ" ಎಂದ. "ಒಂದೊಂದು ಗೋಲಿಗೂ ನನ್ನ ಹತ್ತಿರ ಸಾಕ್ಷಿ ಕೇಳಿದೆ ನೀನು. ನನ್ನ ಹೆಸರು ಹೇಳಿದಾಗ ನಿಮ್ಮಮ್ಮನ ಹತ್ತಿರ ಒಂದು ಸಾಕ್ಷಿ ಕೇಳಲಿಲ್ಲ. ನನ್ನ ಕೈಯಲ್ಲಿ ಕಾಗದ ಇತ್ತು. ಆಸ್ಪತ್ರೆಯ ಸೀಲ್ ಇತ್ತು."

ಎರಡನೆಯ ಕಾಗದದ ಮೊದಲ ಪುಟ ತೆರೆದು ಅವನ ಮುಂದಿಟ್ಟೆ. ಶಾಲಾ ಫೈನಲಿನ ಸಾಲನ್ನು ಮತ್ತೆ ಸೇರಿಸಿದ್ದೆ. ಒಟ್ಟು ನೂರು. ಸಾಕ್ಷಿಯ ಜಾಗದಲ್ಲಿ 'ಆಟಗಾರನ ಮಾತು' ಎಂದು ಬರೆದಿದ್ದೆ.

ಅದನ್ನು ಓದಿದ. ಆಮೇಲೆ ರೂಮಿನ ಹುಡುಗರ ಮೇಜಿನಿಂದ ಪೆನ್ನು, ಸ್ಕೇಲ್ ತಂದು, ನಾನು ಹಿಂದೆ ಎಳೆದಿದ್ದ ಹಾಗೆಯೇ ಆ ಸಾಲಿನ ಮೇಲೆ ನೇರವಾದ ಗೆರೆ ಎಳೆದ. ಪಕ್ಕದಲ್ಲಿ ತೊಂಬತ್ತೊಂಬತ್ತು ಎಂದು ಬರೆದ.

"ನಿನ್ನ ಕೈಯಿಂದ ಅದು ನನಗೆ ಬೇಡ" ಎಂದ.

ಎರಡೂ ಕಾಗದಗಳನ್ನು ಮಡಚಿ ಕೋಟಿನ ಜೇಬಿಗೆ ಹಾಕಿದ. ಆ ಜೇಬನ್ನು ಯಾರಾದರೂ ಉಪಯೋಗಿಸಿದ್ದು ಅದೇ ಮೊದಲಿರಬೇಕು. ಬಾಗಿಲವರೆಗೆ ಬಂದು, "ಮಾತ್ರೆ ಎಷ್ಟು ತಿಂಗಳು ಉಳಿದಿದೆ?" ಎಂದು ಕೇಳಿದ. ನಾಲ್ಕು ಎಂದೆ. ತಲೆಯಾಡಿಸಿ ಬಾಗಿಲು ಹಾಕಿಕೊಂಡ.

ಅಕಾಡೆಮಿಯವರು ಆಮೇಲೆ ಅವನನ್ನು ವಾಪಸ್ ಕರೆದರಂತೆ. ಅವನು ಹೋಗಲಿಲ್ಲ. ಸೀಸನ್ ಶುರುವಾದಾಗ ಮಲಪ್ಪುರಂ ಕಡೆ ಹೊರಟುಹೋದ.

ನನ್ನ ಆರು ತಿಂಗಳು ಮುಗಿದು ಮೂರು ತಿಂಗಳಾಗಿದೆ. ಚಿಕ್ಕಪ್ಪನೂ ಈ ಸಲ ಪೂರ್ತಿ ನುಂಗಿದರು. ವ್ರತ ಎಂದು ಯಾರಿಗೂ ಹೇಳಲಿಲ್ಲ. ನಾವು ಒಂದೇ ಮನೆಯಲ್ಲಿದ್ದೇವೆ, ಬೇಕಾದಷ್ಟೇ ಮಾತಾಡುತ್ತೇವೆ. ಕಳೆದ ತಿಂಗಳು ಗಂಡಿನ ಕಡೆಯವರು ಬಂದಿದ್ದಾಗ ಅಮ್ಮ, "ಮಧ್ಯೆ ಟೈಫಾಯ್ಡ್ ಆಗಿತ್ತು, ಅದಕ್ಕೇ ಸ್ವಲ್ಪ ಸಣ್ಣ" ಎಂದಳು. ಕಾಫಿ ಲೋಟ ಇಡುತ್ತಾ ನಾನು, "ಕ್ಷಯ ಆಗಿತ್ತು, ಈಗ ವಾಸಿಯಾಗಿದೆ" ಎಂದೆ. ಕಾಫಿ ಕುಡಿದು ಹೋದರು. ಮತ್ತೆ ಫೋನ್ ಬರಲಿಲ್ಲ.

ಕ್ವಾಮೆಯ ಶಾಲಾ ಫೈನಲನ್ನು ನಾನು ನೋಡಿಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ನೋಡಿದ್ದೇನೆ. ಅಮ್ಮ ನೋಡಿದ್ದಾಳೆ, ಚಿಕ್ಕಪ್ಪ ನೋಡಿದ್ದಾರೆ, ಬಸ್ ಸ್ಟಾಪಿನವರೂ ಒಂದಿಷ್ಟು ನೋಡಿದ್ದಾರೆ. ಎಲ್ಲರೂ ನೋಡಿದ್ದೇವೆ, ಬರೆದವರು ಇರಲಿಲ್ಲ. ಕನ್ನಡದಲ್ಲಿ ಬರೆದ ಇದನ್ನು ಅವನು ಓದಲಾರ. ಸಾಕ್ಷಿಯ ಜಾಗ ಖಾಲಿ ಇತ್ತು, ತುಂಬಿದ್ದೇನೆ.